ಕಿವಿ ಕೇಳುವುದು ಹೇಗೆ, ನಮ್ಮನ್ನು ನಿಲ್ಲಿಸುವುದು ಹೇಗೆ: ಪರೀಕ್ಷಿಸಿ ನೋಡುವ, ಕಾಪಾಡಿಕೊಳ್ಳುವ ಕೈಪಿಡಿ

ಬಾಯಿ ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಗುನುಗಿ. ಗುನುಗುತ್ತಲೇ ಬಲಗಿವಿಯ ರಂಧ್ರವನ್ನು ಬೆರಳಿನಿಂದ ಒತ್ತಿ ಮುಚ್ಚಿ. ಅಲ್ಲಿಯವರೆಗೆ ತಲೆಯ ನಡುವೆ ಇದ್ದ ದನಿ ತಟ್ಟನೆ ಬಲಕ್ಕೆ ಸರಿಯುತ್ತದೆ, ಜೋರೂ ಆಗುತ್ತದೆ. ಮುಚ್ಚಿದ ಕಿವಿಗೇ ಹೆಚ್ಚು ಕೇಳಿಸಿತು!

ಈಗ ಇನ್ನೊಂದು. ಈ ಬರಹವಿರುವ ಫೋನನ್ನು ತೋಳುದ್ದ ದೂರದಲ್ಲಿ ಹಿಡಿದು, 'ಬೇಡ ಬೇಡ' ಎನ್ನುವ ಹಾಗೆ ತಲೆಯನ್ನು ಸೆಕೆಂಡಿಗೆ ಒಂದೆರಡು ಸಲ ಅಲ್ಲಾಡಿಸುತ್ತ ಓದಿ. ಅಕ್ಷರಗಳು ನಿಂತಲ್ಲೇ ನಿಂತಿರುತ್ತವೆ. ತಲೆ ನಿಲ್ಲಿಸಿ, ಅದೇ ವೇಗದಲ್ಲಿ ಫೋನನ್ನು ಅಲ್ಲಾಡಿಸಿ. ಸಾಲುಗಳು ಕಲಸಿಹೋಗುತ್ತವೆ.

ಮೊದಲನೆಯದು ಕೇಳುವಿಕೆಯ ಪರೀಕ್ಷೆ, ಎರಡನೆಯದು ಸಮತೋಲದ್ದು. ಎರಡಕ್ಕೂ ಕೊನೆಗೆ ಉತ್ತರ ಕೊಡುವುದು ಒಳಕಿವಿಯಲ್ಲಿರುವ ಒಂದೇ ಜಾತಿಯ ಕೋಶ. ಅದರ ಹೆಸರು ರೋಮಕೋಶ. ಅದರ ನೆತ್ತಿಯ ಮೇಲೆ ಬ್ರಷ್ಷಿನ ಎಳೆಗಳಂತಹ ಸಣ್ಣ ಗೊಂಚಲಿದೆ. ಸುತ್ತಲಿನ ದ್ರವ ಅಲುಗಿ ಆ ಗೊಂಚಲು ಒಂದು ಕಡೆಗೆ ಬಾಗಿದರೆ ನರಕ್ಕೆ ಸಂಕೇತ ಹೆಚ್ಚುತ್ತದೆ, ಇನ್ನೊಂದು ಕಡೆಗೆ ಬಾಗಿದರೆ ತಗ್ಗುತ್ತದೆ. ದ್ರವವನ್ನು ಶಬ್ದ ಅಲುಗಿಸಿದರೆ ಅದು ಕೇಳುವಿಕೆ, ತಲೆಯ ಚಲನೆ ಅಲುಗಿಸಿದರೆ ಅದು ಸಮತೋಲ. ಕೇಳುವ ರೋಮಕೋಶ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಕಿವಿಯ ಆರೈಕೆಯ ಬಹುಪಾಲು ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ಹೊರಗಿವಿ: ಗುಗ್ಗೆಯನ್ನು ಅದರ ಪಾಡಿಗೆ ಬಿಡಿ

ಕಿವಿಯ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂ.ಮೀ. ಉದ್ದ, ಸ್ವಲ್ಪ ಡೊಂಕು. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಮೂಳೆ. ಗುಗ್ಗೆ ತಯಾರಾಗುವುದು ಹೊರಭಾಗದಲ್ಲಿ ಮಾತ್ರ. ನಾಳದ ಚರ್ಮವೋ ಒಂದು ವಿಶೇಷ: ನಾಳದ ಕೊನೆಯಲ್ಲಿರುವ ಕಿವಿತಮಟೆಯ ನಡುವಿನಿಂದ ಹೊರಟು, ಉಗುರು ಬೆಳೆಯುವಷ್ಟು ನಿಧಾನವಾಗಿ, ನಾಳದ ಬಾಯಿಯ ಕಡೆಗೆ ಸರಿಯುತ್ತಲೇ ಇರುತ್ತದೆ. ಧೂಳು, ಸತ್ತ ಚರ್ಮ, ಗುಗ್ಗೆ ಎಲ್ಲವನ್ನೂ ಹೊತ್ತು ತಂದು ಹೊರಗೆ ಹಾಕುತ್ತದೆ.

ಹತ್ತಿ ಸುತ್ತಿದ ಕಡ್ಡಿ ಕೆಡಿಸುವುದು ಈ ಸಾಗಣೆಯನ್ನೇ. ತುದಿಗೆ ಅಂಟಿಕೊಂಡು ಬಂದದ್ದು ಸ್ವಲ್ಪ, ಒಳಕ್ಕೆ ತಳ್ಳಿಸಿಕೊಂಡದ್ದು ಹೆಚ್ಚು. ಒಳಗಿನ ಎಲುಬಿನ ಭಾಗದಲ್ಲಿ ಚರ್ಮ ಕಾಗದದಷ್ಟು ತೆಳು, ಅಲ್ಲಿ ಒತ್ತಿ ಕೂತ ಗುಗ್ಗೆ ತಾನಾಗಿ ಹೊರಬರುವುದು ಕಷ್ಟ. ಹೊರಗಿವಿಯನ್ನು ಬೆರಳಿಗೆ ಸುತ್ತಿದ ಬಟ್ಟೆ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಒರೆಸಿ, ಅಷ್ಟೇ ಸಾಕು.

ಗುಗ್ಗೆ ಗಟ್ಟಿಯಾಗಿ ಕಿವಿ ಕಟ್ಟಿದ್ದರೆ ಮೊದಲು ಮೆತ್ತಗೆ ಮಾಡಬೇಕು. ಮಗ್ಗುಲಾಗಿ ಮಲಗಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದ ಶುದ್ಧ ಆಲಿವ್ ಎಣ್ಣೆ ಅಥವಾ ಔಷಧದಂಗಡಿಯ ಗುಗ್ಗೆ ಕರಗಿಸುವ ದ್ರವವನ್ನು 2–3 ಹನಿ ಹಾಕಿ, 5 ನಿಮಿಷ ಅಲ್ಲಾಡದೆ ಇರಿ. ದಿನಕ್ಕೆ ಎರಡು ಸಲ, 3ರಿಂದ 5 ದಿನ. ಮೊದಲ ಒಂದೆರಡು ದಿನ ಗುಗ್ಗೆ ಉಬ್ಬಿ ಕಿವಿ ಇನ್ನಷ್ಟು ಮಂದವಾಗಬಹುದು, ಗಾಬರಿ ಬೇಡ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆ ತೂತಾಗಿದ್ದರೆ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ಏನನ್ನೂ ಹಾಕಬೇಡಿ.

ನೀರು ಬಿಟ್ಟು ತೊಳೆಯುವುದಾದರೆ ನೀರು ಮೈ ಬಿಸಿಯಷ್ಟೇ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ತಣ್ಣೀರು ಹಾಕಿದ ಮರುಗಳಿಗೆ ಕೋಣೆಯೇ ಗಿರ್ರನೆ ತಿರುಗಿದಂತಾಗಿ ವಾಂತಿ ಬರಬಹುದು. ಕಿವಿ ನಾಳದ ಗೋಡೆಯ ಆಚೆಯೇ ಸಮತೋಲದ ಒಂದು ನಾಳ ಇದೆ. ಅದರ ದ್ರವ ಒಂದು ಬದಿ ತಣ್ಣಗಾದರೆ, ಪಾತ್ರೆಯ ನೀರು ಕಾಯುವಾಗ ಸುತ್ತುವ ಹಾಗೆ, ತಾನೇ ಹರಿಯತೊಡಗುತ್ತದೆ. ತಲೆ ತಿರುಗುತ್ತಿದೆ ಎಂದು ಮಿದುಳು ನಂಬುತ್ತದೆ. ಇದನ್ನು ಬಿಡಿಸಿ ಹೇಳಿದವರು ರಾಬರ್ಟ್ ಬಾರಾನಿ. ಸಮತೋಲದ ಅಂಗದ ಮೇಲಿನ ಕೆಲಸಕ್ಕೆ 1914ರ ನೊಬೆಲ್ ಅವರದು. ಇವತ್ತಿಗೂ ತಲೆಸುತ್ತಿನ ಕ್ಲಿನಿಕ್ಕುಗಳಲ್ಲಿ 30 ಮತ್ತು 44 ಡಿಗ್ರಿಯ ನೀರನ್ನು ಕಿವಿಗೆ ಬಿಟ್ಟು ಯಾವ ಬದಿ ದುರ್ಬಲ ಎಂದು ಪತ್ತೆ ಮಾಡುತ್ತಾರೆ.

ಕಿವಿಗೆ ಏನಾದರೂ ಹೊಕ್ಕರೆ ಏನು ಹೊಕ್ಕಿದೆ ಎಂಬುದರ ಮೇಲೆ ಕ್ರಮ ನಿಂತಿದೆ. ಜೀವಂತ ಹುಳುವಾದರೆ ಬೆಚ್ಚಗಿನ ಎಣ್ಣೆ ನಾಲ್ಕು ಹನಿ ಬಿಟ್ಟು ಅದರ ಓಡಾಟ ನಿಲ್ಲಿಸಿ, ಆಮೇಲೆ ವೈದ್ಯರ ಬಳಿ ತೆಗೆಸಿ. ಕಾಳು, ಬೀಜವಾದರೆ ನೀರು ಬೇಡ, ಉಬ್ಬಿ ಸಿಕ್ಕಿಕೊಳ್ಳುತ್ತದೆ. ಗುಂಡಿಯಾಕಾರದ ಬ್ಯಾಟರಿಯಾದರೆ ಒಂದು ಹನಿಯೂ ಬೇಡ, ತಡವೂ ಬೇಡ. ಕೆಲವೇ ಗಂಟೆಗಳಲ್ಲಿ ಅದು ಚರ್ಮವನ್ನು, ತಮಟೆಯನ್ನು ಸುಡುತ್ತದೆ. ನೇರ ಆಸ್ಪತ್ರೆಗೆ.

ನಡುಗಿವಿ: ಸನ್ನೆಕೋಲೂ ಕಿಟಕಿಯೂ

ಒಳಕಿವಿಯಲ್ಲಿ ತುಂಬಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ದ್ರವಕ್ಕೆ ಬಡಿದರೆ ಅದರ ಶಕ್ತಿಯಲ್ಲಿ ನೂರಕ್ಕೆ 99.9 ಪಾಲು ಪುಟಿದು ಹಿಂದೆ ಹೋಗುತ್ತದೆ. ಮುಳುಗಿದವರಿಗೆ ದಡದ ಮಾತು ಕೇಳದಿರುವುದು ಇದೇ ಕಾರಣಕ್ಕೆ. ಈ ನಷ್ಟವನ್ನು ತುಂಬಿಕೊಡಲು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ತಮಟೆಯ ಕೆಲಸ ಮಾಡುವ ವಿಸ್ತೀರ್ಣ ಸುಮಾರು 55 ಚದರ ಮಿ.ಮೀ., ರಿಕಾಪಿನ ಪಾದ ಸುಮಾರು 3.2 ಚದರ ಮಿ.ಮೀ. ದೊಡ್ಡ ಹರವಿನ ಬಲವೆಲ್ಲ ಚಿಕ್ಕ ಜಾಗಕ್ಕೆ ಬೀಳುವುದರಿಂದ ಒತ್ತಡ 17 ಪಟ್ಟು, ಮೂಳೆಗಳು ಸನ್ನೆಕೋಲಿನಂತೆ ಕೆಲಸ ಮಾಡುವುದರಿಂದ 1.3 ಪಟ್ಟು, ಒಟ್ಟು ಸುಮಾರು 22 ಪಟ್ಟು. ಈ ಸಾಲನ್ನು ಗುಗ್ಗೆಯಾಗಲಿ, ತೂತಾದ ತಮಟೆಯಾಗಲಿ, ನಡುಗಿವಿಯಲ್ಲಿ ನಿಂತ ನೀರಾಗಲಿ ಕೆಡಿಸಿದರೆ ಕಿವಿ ಮಂದವಾಗುತ್ತದೆ. ಆದರೆ ರೋಮಕೋಶಗಳು ಸುಖವಾಗಿರುತ್ತವೆ. ಆದ್ದರಿಂದ ಇಂಥ ಕಿವುಡು ಹೆಚ್ಚಾಗಿ ಸರಿಪಡಿಸಬಲ್ಲದ್ದು.

ಮೊದಲು ಮಾಡಿದ ಗುನುಗುವ ಪರೀಕ್ಷೆ ಬೆಲೆ ಬಾಳುವುದು ಇಲ್ಲಿ. ಗುನುಗು ತಲೆಬುರುಡೆಯ ಮೂಲಕ ಎರಡೂ ಒಳಕಿವಿಗಳಿಗೆ ಸಮನಾಗಿ ತಲುಪುತ್ತದೆ. ಒಂದು ಕಿವಿ ಕಟ್ಟಿಕೊಂಡಿದ್ದರೆ ಮೂಳೆಯ ದನಿ ಹೊರಗೆ ಸೋರಿಹೋಗದೆ ಅಲ್ಲೇ ಉಳಿಯುತ್ತದೆ, ಹೊರಗಿನ ಗದ್ದಲವೂ ಅಡ್ಡಬರುವುದಿಲ್ಲ. ಹಾಗಾಗಿ ಕಟ್ಟಿದ ಕಿವಿಗೇ ಜೋರು. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಬೆರಳು ಇಡದೆ ಸುಮ್ಮನೆ ಗುನುಗಿ ನೋಡಿ. ದನಿ ಮಂದವಾದ ಕಿವಿಯ ಕಡೆ ಸರಿದರೆ ಕಾರಣ ಗುಗ್ಗೆ, ನೆಗಡಿ, ನೀರು ಇರಬಹುದು. ಚೆನ್ನಾಗಿರುವ ಕಿವಿಯ ಕಡೆ ಸರಿದರೆ ಪೆಟ್ಟು ಬಿದ್ದಿರುವುದು ಒಳಕಿವಿಗೋ ನರಕ್ಕೋ. ಆಗ 'ಗುಗ್ಗೆ ಇರಬೇಕು, ನಾಳೆ ನೋಡೋಣ' ಎನ್ನಬೇಡಿ. ಆ ದಿನವೇ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಇದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಕೊಟ್ಟರೆ ಹೆಚ್ಚು ಫಲಕಾರಿ, ವಾರಗಳು ಕಳೆದ ಹಾಗೆ ಅವಕಾಶ ಮುಚ್ಚುತ್ತ ಹೋಗುತ್ತದೆ. ಗುನುಗಿನ ಪರೀಕ್ಷೆ ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಎಷ್ಟು ತುರ್ತು ಎಂದು ತೀರ್ಮಾನಿಸಲು ಒಂದು ಆಸರೆ.

ನಡುಗಿವಿಯ ಕಿಟಕಿ ಎಂದರೆ ಮೂಗಿನ ಹಿಂಬದಿಗೆ ತೆರೆಯುವ ಯೂಸ್ಟೇಶಿಯನ್ ನಾಳ, ದೊಡ್ಡವರಲ್ಲಿ ಸುಮಾರು 35 ಮಿ.ಮೀ. ಉದ್ದ. ಸಾಮಾನ್ಯವಾಗಿ ಮುಚ್ಚಿರುತ್ತದೆ, ನುಂಗುವಾಗ, ಆಕಳಿಸುವಾಗ ಕ್ಷಣಕಾಲ ತೆರೆಯುತ್ತದೆ. ಮಕ್ಕಳಲ್ಲಿ ಇದು ಗಿಡ್ಡ, ಬಹುಮಟ್ಟಿಗೆ ಅಡ್ಡಡ್ಡ. ನೆಗಡಿಯಾದ ಮೇಲೆ ಮಕ್ಕಳಿಗೆ ಕಿವಿನೋವು ಬೆನ್ನಿಗೇ ಬರುವುದು ಇದರಿಂದಲೇ. ವಿಮಾನ ಏರುವಾಗ ಒಳಗಿನ ಗಾಳಿ ತಾನೇ ಹೊರಗೆ ನುಸುಳುತ್ತದೆ, ಇಳಿಯುವಾಗ ಹೊರಗಿನ ಗಾಳಿ ಸುಲಭವಾಗಿ ಒಳಬರುವುದಿಲ್ಲ. ಅದಕ್ಕೇ ನೋವು ಇಳಿಯುವಾಗ. ಇಳಿಯಲು ಶುರುವಾದಾಗಲೇ ಎಚ್ಚರವಿರಿ, ಅರ್ಧ ನಿಮಿಷಕ್ಕೊಮ್ಮೆ ನುಂಗಿ. ಸಾಲದಿದ್ದರೆ ಮೂಗು ಹಿಡಿದುಕೊಂಡು ನುಂಗಿ, ಅಥವಾ ಮೂಗು-ಬಾಯಿ ಮುಚ್ಚಿ ಕೆನ್ನೆಯ ಬಲದಷ್ಟೇ ಮೆಲ್ಲಗೆ ಗಾಳಿ ಒತ್ತಿ. ನೋವು ಜೋರಾದ ಮೇಲೆ ಬಲವಾಗಿ ಊದಬಾರದು. ಅಷ್ಟು ಹೊತ್ತಿಗೆ ನಾಳ ಒತ್ತಡಕ್ಕೆ ಅಂಟಿಕೊಂಡಿರುತ್ತದೆ, ಊದಿದರೆ ಹಾನಿ. ಹಸುಗೂಸಿಗೆ ಇಳಿಯುವ ಹೊತ್ತಿಗೆ ಹಾಲು ಕುಡಿಸಿ.

ಒಳಕಿವಿ: ಬಾಗಿಲ ಬಳಿ ಮೊದಲು ಸವೆಯುತ್ತದೆ

ಒಳಕಿವಿಯ ಕೇಳುವ ಭಾಗವಾದ ಕಾಕ್ಲಿಯಾ ಬಟಾಣಿ ಕಾಳಿನ ಗಾತ್ರದ ಬಸವನಹುಳುವಿನ ಚಿಪ್ಪು. ಎರಡೂವರೆ ಸುತ್ತು, ಬಿಚ್ಚಿದರೆ ಸುಮಾರು 35 ಮಿ.ಮೀ. ಅದರೊಳಗೆ ಉದ್ದಕ್ಕೂ ಒಂದು ಪೊರೆ ಹಾಸಿದೆ. ರಿಕಾಪು ಬಡಿಯುವ ಬಾಗಿಲ ಬಳಿ ಅದು ಕಿರಿದು, ಬಿಗಿ. ತುದಿಯ ಬಳಿ ಅಗಲ, ಸಡಿಲ. ಕೀರಲು ದನಿ ಬಾಗಿಲ ಬಳಿಯೇ ಪೊರೆಯನ್ನು ಕುಣಿಸಿ ಮುಗಿಯುತ್ತದೆ, ಗಂಭೀರ ದನಿ ತುದಿಯವರೆಗೂ ಹೋಗುತ್ತದೆ. 20ರಿಂದ 20,000 ಹರ್ಟ್ಸ್‌ವರೆಗಿನ ಪ್ರತಿ ಸ್ವರಕ್ಕೂ ಪೊರೆಯ ಮೇಲೆ ಒಂದು ವಿಳಾಸ. ಈ ಅಲೆಯನ್ನು ಕಣ್ಣಾರೆ ಕಂಡು ವಿವರಿಸಿದ ಗೇಯೋರ್ಗ್ ಫಾನ್ ಬೇಕೆಸಿಗೆ 1961ರಲ್ಲಿ ನೊಬೆಲ್ ಬಂತು.

ಪೊರೆಯ ಮೇಲೆ ಒಳಸಾಲಿನಲ್ಲಿ ಸುಮಾರು 3,500 ರೋಮಕೋಶ, ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಒಳಸಾಲು ಮಿದುಳಿಗೆ ಸುದ್ದಿ ಕಳಿಸುತ್ತದೆ. ಹೊರಸಾಲಿನವು ಶಬ್ದಕ್ಕೆ ತಾಳ ಹಾಕುತ್ತ ತಾವೇ ಕುಗ್ಗಿ ಹಿಗ್ಗಿ ಸಣ್ಣ ದನಿಯನ್ನು ದೊಡ್ಡದು ಮಾಡುತ್ತವೆ. ಆ ಕುಣಿತದ ಸದ್ದು ಕಿವಿಯಿಂದ ಹೊರಗೂ ಬರುತ್ತದೆ. ಡೇವಿಡ್ ಕೆಂಪ್ 1978ರಲ್ಲಿ ಅದನ್ನು ಮೈಕಿನಿಂದ ಹಿಡಿದರು. ನವಜಾತ ಶಿಶುವಿನ ಕಿವಿಗೆ ಮೆತ್ತನೆಯ ತುದಿ ಇಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಪರೀಕ್ಷೆ ಇದೇ. ಮಗುವಿಗೆ ಒಂದು ತಿಂಗಳೊಳಗೆ ಈ ಪರೀಕ್ಷೆ, ಕೊರತೆ ಕಂಡರೆ ಮೂರು ತಿಂಗಳೊಳಗೆ ಖಚಿತ ತಪಾಸಣೆ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ಬೇರೆ ನೆರವು. ಮಾತು ಕಲಿಯುವ ಮಿದುಳು ಕಾಯುವುದಿಲ್ಲ, ಅದಕ್ಕೇ ಈ ಗಡುವು.

ಎಲ್ಲ ಶಬ್ದವೂ ಬಾಗಿಲನ್ನು ದಾಟಿಯೇ ಹೋಗಬೇಕು. ವಯಸ್ಸಿನ ಸವೆತ, ಔಷಧಗಳ ಪೆಟ್ಟು ಮೊದಲು ಬೀಳುವುದು ಆ ಬಾಗಿಲ ಕಡೆಯ, ಕೀರಲು ದನಿಯ ಕೋಶಗಳ ಮೇಲೆ. ಗದ್ದಲದ ಪೆಟ್ಟು ಕೇಳುವಿಕೆಯ ನಕ್ಷೆಯಲ್ಲಿ 4,000 ಹರ್ಟ್ಸ್ ಸುತ್ತ ಒಂದು ಗುಂಡಿಯಾಗಿ ಕಾಣುತ್ತದೆ. ಇದರ ಫಲ ಮಾತಿನಲ್ಲಿ ಹೀಗೆ: ಅ, ಆ, ಇ ಮೊದಲಾದ ಸ್ವರಗಳೆಲ್ಲ ತಗ್ಗಿನ ದನಿ, ಗಟ್ಟಿ; ಕ, ತ, ಪ, ಸ, ಶ ಇವೆಲ್ಲ ಮೇಲಿನ ದನಿ, ಮೆಲು. 'ಕಾಲು', 'ಪಾಲು', 'ಸಾಲು' ಮೂರೂ ಒಂದೇ ಥರ 'ಆಲು' ಆಗಿ ಕೇಳುತ್ತವೆ. 'ಕೇಳಿಸುತ್ತೆ, ಆದರೆ ಏನು ಅಂದರು ಅಂತ ಗೊತ್ತಾಗಲ್ಲ' ಎನ್ನುವವರ ತೊಂದರೆ ಇದು. ಅಂಥವರ ಮುಂದೆ ಕೂಗಿದರೆ ಸ್ವರಗಳು ಇನ್ನಷ್ಟು ಜೋರಾಗುತ್ತವೆಯೇ ಹೊರತು ವ್ಯಂಜನ ತಿಳಿಯಾಗುವುದಿಲ್ಲ. ಮುಖಕ್ಕೆ ಬೆಳಕು ಬೀಳುವಂತೆ ಎದುರು ನಿಂತು, ಒಂದೆರಡು ಮೀಟರ್ ಒಳಗೆ, ನಿಧಾನಿಸಿ ಹೇಳಿ. ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.

ಗದ್ದಲದ ಲೆಕ್ಕ ಹೀಗಿದೆ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಸಮಯ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಇಯರ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. ಅಳೆಯುವ ಸಾಧನ ಇಲ್ಲದಿದ್ದರೆ ತೋಳುದ್ದ ದೂರದಲ್ಲಿರುವವರಿಗೆ ದನಿ ಏರಿಸದೆ ಮಾತು ಕೇಳಿಸುತ್ತದೆಯೇ ನೋಡಿ. ಇಲ್ಲ ಎಂದರೆ 85ರ ಆಸುಪಾಸು ದಾಟಿದ್ದೀರಿ. ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿ ಮಾಡಿದರೆ 6 ಡೆಸಿಬಲ್ ಇಳಿಯುತ್ತದೆ, ಅಂದರೆ ನಾಲ್ಕು ಪಟ್ಟು ಹೆಚ್ಚು ಸಮಯ ಸಿಕ್ಕಿತು. ನಾಲ್ಕು ಹೆಜ್ಜೆ ಹಿಂದೆ ಸರಿಯುವುದು ಇಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಜನ ನಂಬುವುದೇ ಇಲ್ಲ.

ಫೋಮಿನ ಇಯರ್‌ಪ್ಲಗ್ ಕೆಲಸ ಮಾಡದಿರುವುದು ಹೆಚ್ಚಾಗಿ ಹಾಕುವ ತಪ್ಪಿನಿಂದ. ಬೆರಳುಗಳ ನಡುವೆ ಸುಕ್ಕಿಲ್ಲದ ಹಾಗೆ ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ನಾಳದ ಡೊಂಕು ನೇರವಾಗುತ್ತದೆ. ತೂರಿಸಿ, ಉಬ್ಬುವವರೆಗೆ 20–30 ಸೆಕೆಂಡು ಬೆರಳಿನಿಂದ ಹಿಡಿದಿಡಿ. ಆಮೇಲೆ ಅಂಗೈಗಳಿಂದ ಕಿವಿ ಮುಚ್ಚಿ ತೆಗೆದು ನೋಡಿ: ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಪ್ಲಗ್ ಸರಿಯಾಗಿ ಕೂತಿಲ್ಲ.

ಗದ್ದಲದಿಂದ ಹೊರಬಂದ ಮೇಲೆ ಕಿವಿ ಗುಂಯ್ ಎನ್ನುವುದು ಕೋಶಗಳಿಗೆ ಏಟು ಬಿದ್ದ ಗುರುತು. ಮರುದಿನ ಸರಿಹೋದರೂ ನರದ ಕೆಲವು ಬೆಸುಗೆಗಳು ಶಾಶ್ವತವಾಗಿ ಕಳಚಿರಬಹುದು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ಗಳೂ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಕೂಡ ರೋಮಕೋಶಗಳನ್ನು ಕೊಲ್ಲಬಲ್ಲವು. ಅವು ಜೀವ ಉಳಿಸುವ ಔಷಧಗಳು, ನೀವಾಗಿಯೇ ನಿಲ್ಲಿಸಬೇಡಿ. ಆದರೆ ಶುರು ಮಾಡುವ ಮೊದಲೂ ನಡುವೆಯೂ ಕೇಳುವಿಕೆಯ ಪರೀಕ್ಷೆ ಮಾಡಿಸಿ ಎಂದು ಕೇಳಿ.

ಸಮತೋಲ: ಮೂರು ಬಳೆ, ಎರಡು ಚೀಲ

ಕಾಕ್ಲಿಯಾಕ್ಕೆ ಅಂಟಿಕೊಂಡೇ ಮೂರು ಅರ್ಧವೃತ್ತ ನಾಳಗಳಿವೆ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ. ತಲೆ ತಿರುಗಿದಾಗ ನಾಳ ಜತೆಗೇ ತಿರುಗುತ್ತದೆ, ಒಳಗಿನ ದ್ರವ ಹಿಂದುಳಿಯುತ್ತದೆ, ರೋಮಗಳು ಬಾಗುತ್ತವೆ. ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ಅರ್ಧ ನಿಮಿಷದಷ್ಟರಲ್ಲಿ ಸುತ್ತುವ ಅನುಭವವೇ ಮಾಯವಾಗುವುದು, ನಿಲ್ಲಿಸಿದೊಡನೆ ಎದುರು ದಿಕ್ಕಿಗೆ ಸುತ್ತಿದಂತಾಗುವುದು ಇದರಿಂದ: ದ್ರವ ನಾಳದ ವೇಗವನ್ನು ಹಿಡಿದಿರುತ್ತದೆ, ನಾಳ ನಿಂತರೂ ಅದು ಹರಿಯುತ್ತಲೇ ಇರುತ್ತದೆ.

ಬುಡದಲ್ಲಿ ಯುಟ್ರಿಕಲ್, ಸ್ಯಾಕ್ಯೂಲ್ ಎಂಬ ಎರಡು ಚೀಲ. ಅವುಗಳ ರೋಮಗಳ ಮೇಲೆ ಅಂಟಿನಂಥ ಹಾಸು, ಹಾಸಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು. ತಲೆ ವಾಲಿದರೆ, ಗಾಡಿ ಹೊರಟರೆ, ಲಿಫ್ಟ್ ಇಳಿದರೆ ಹರಳಿನ ಭಾರ ಜಾರಿ ರೋಮಗಳನ್ನು ಎಳೆಯುತ್ತದೆ. ನಾಳಗಳ ಸುದ್ದಿ ಕಣ್ಣಿನ ಸ್ನಾಯುಗಳಿಗೆ ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ತಲೆ ಅಲ್ಲಾಡಿದರೂ ಅಕ್ಷರ ನಿಂತದ್ದು ಅದಕ್ಕೆ. ಫೋನ್ ಅಲ್ಲಾಡಿಸಿದಾಗ ಕಿವಿಯ ನೆರವಿಲ್ಲ, ಕಣ್ಣು ಒಂಟಿಯಾಗಿ ಬೆನ್ನಟ್ಟಬೇಕು, ಸೋಲುತ್ತದೆ.

ನಿಮ್ಮ ಒಳಕಿವಿಯನ್ನು ಒಂಟಿಯಾಗಿ ಪರೀಕ್ಷಿಸಬೇಕಾದರೆ ಕಣ್ಣನ್ನೂ ಪಾದವನ್ನೂ ಆಟದಿಂದ ಹೊರಗಿಡಬೇಕು. ಗೋಡೆಯ ಮೂಲೆಗೆ ಬೆನ್ನು ಮಾಡಿ, ದಪ್ಪ ದಿಂಬಿನ ಮೇಲೆ ಪಾದ ಜೋಡಿಸಿ ನಿಂತು, ಪಕ್ಕದಲ್ಲಿ ಒಬ್ಬರನ್ನು ಇರಿಸಿಕೊಂಡು ಕಣ್ಣು ಮುಚ್ಚಿ. 30 ಸೆಕೆಂಡು ನಿಂತರೆ ಒಳ್ಳೆಯದು. ಗಟ್ಟಿ ನೆಲದ ಮೇಲೆ ಸಲೀಸಾಗಿ ನಿಂತು ದಿಂಬಿನ ಮೇಲೆ ಮಾತ್ರ ಮತ್ತೆ ಮತ್ತೆ ಬೀಳುವಂತಾದರೆ ಸಂದೇಹ ಒಳಕಿವಿಯ ಮೇಲೆ.

ಹರಳು ಜಾರಿದಾಗ

ತಲೆಸುತ್ತಿನ ಅತಿ ಸಾಮಾನ್ಯ ಕಾರಣಗಳಲ್ಲಿ ಇದೊಂದು: ಯುಟ್ರಿಕಲ್‌ನ ಹರಳು ಕಳಚಿ ನಾಳದೊಳಗೆ, ಹೆಚ್ಚಾಗಿ ಹಿಂದಿನ ನಾಳಕ್ಕೆ ಬೀಳುವುದು. ಲಕ್ಷಣ ಸ್ಪಷ್ಟ. ಮಗ್ಗುಲು ಬದಲಿಸಿದಾಗ, ಮಲಗಿದಾಗ, ಮೇಲಿನ ಕಪಾಟು ನೋಡಲು ಕತ್ತೆತ್ತಿದಾಗ ಒಂದೆರಡು ಸೆಕೆಂಡು ಬಿಟ್ಟು ಕೋಣೆ ಗಿರ್ರನೆ ಸುತ್ತುತ್ತದೆ, ಒಂದು ನಿಮಿಷದೊಳಗೆ ನಿಲ್ಲುತ್ತದೆ. ಕೇಳುವಿಕೆ ಮಾಮೂಲು. ಮಾತ್ರೆಗಳು ವಾಕರಿಕೆ ತಡೆಯಬಹುದು, ಹರಳನ್ನು ಕದಲಿಸಲಾರವು. ತಿಂಗಳುಗಟ್ಟಲೆ ಅವನ್ನೇ ನುಂಗುವುದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯ. ಏಕೆಂದರೆ ಹರಳನ್ನು ಹೊರಗೆ ಉರುಳಿಸುವ ದಾರಿ ಇದೆ, ಅಮೆರಿಕದ ವೈದ್ಯ ಜಾನ್ ಎಪ್ಲಿ ಕಂಡುಕೊಂಡದ್ದು.

ತಲೆಯನ್ನು ಯಾವ ಬದಿಗೆ ತಿರುಗಿಸಿ ಮಲಗಿದಾಗ ಸುತ್ತು ಬರುತ್ತದೋ ಆ ಕೆಳಬದಿಯ ಕಿವಿಯದೇ ತೊಂದರೆ. ಮೊದಲ ಸಲ ವೈದ್ಯರ ಕೈಯಲ್ಲಿ ಖಚಿತಪಡಿಸಿಕೊಂಡು ಮಾಡಿಸಿಕೊಳ್ಳಿ. ಕತ್ತಿನ ಮೂಳೆ, ಕತ್ತಿನ ರಕ್ತನಾಳ, ಕಣ್ಣಿನ ಅಕ್ಷಿಪಟಲದ ತೊಂದರೆ ಇದ್ದವರು ಮನೆಯಲ್ಲಿ ಮಾಡಬಾರದು. ಬಲಗಿವಿಗಾದರೆ ಕ್ರಮ ಇದು, ಎಡಗಿವಿಗೆ ದಿಕ್ಕು ಅದಲುಬದಲು:

1. ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತುಕೊಳ್ಳಿ. ಮಲಗಿದಾಗ ಭುಜದ ಕೆಳಗೆ ಬರುವಂತೆ ದಿಂಬು ಇಡಿ. ತಲೆ ಬಲಕ್ಕೆ 45 ಡಿಗ್ರಿ.
2. ಹಾಗೆಯೇ ಬೇಗನೆ ಹಿಂದಕ್ಕೆ ಮಲಗಿ. ತಲೆ ದಿಂಬಿನಾಚೆ 20 ಡಿಗ್ರಿಯಷ್ಟು ಹಿಂದಕ್ಕೆ ಬಾಗಿರಬೇಕು. ಸುತ್ತು ಬರುತ್ತದೆ, ಬರಲಿ. ಅದು ನಿಂತ ಮೇಲೆ ಇನ್ನೂ 30 ಸೆಕೆಂಡು ಇರಿ.
3. ತಲೆ ಎತ್ತದೆ ಎಡಕ್ಕೆ 90 ಡಿಗ್ರಿ ತಿರುಗಿಸಿ. ಒಂದು ನಿಮಿಷ.
4. ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ, ಮೂಗು ಹಾಸಿಗೆಯತ್ತ ಇರುವಂತೆ ತಲೆಯನ್ನು ಇನ್ನೂ 90 ಡಿಗ್ರಿ ತಿರುಗಿಸಿ. ಒಂದು ನಿಮಿಷ.
5. ಗದ್ದವನ್ನು ಎದೆಯ ಕಡೆ ತಗ್ಗಿಸಿಕೊಂಡೇ ಎಡ ಮಗ್ಗುಲಿಂದ ಎದ್ದು ಕೂತು ಕಾಲು ಇಳಿಬಿಡಿ. ಹಿಂದಕ್ಕೆ ವಾಲಿದಂತಾಗಬಹುದು, ಯಾರಾದರೂ ಹಿಡಿದುಕೊಂಡಿರಲಿ.

ಡೊಂಕು ಕೊಳವೆಯೊಳಗಿನ ಮಣಿಯನ್ನು ಕೊಳವೆ ತಿರುಗಿಸುತ್ತ ಹೊರಗೆ ಉರುಳಿಸುವ ಕೆಲಸ ಇದು. ಹರಳು ದ್ರವದಲ್ಲಿ ನಿಧಾನವಾಗಿ ಇಳಿಯುತ್ತದೆ, ಹಾಗಾಗಿ ಸಮಯ ಕದಿಯಬಾರದು. ಎರಡನೇ ಮತ್ತು ಮೂರನೇ ಹಂತದ ನಡುವೆ ತಲೆ ಎತ್ತಿದರೆ ಅದು ಹಿಂದಕ್ಕೇ ಉರುಳುತ್ತದೆ. ದಿಂಬನ್ನು ಭುಜದ ಬದಲು ತಲೆಯ ಕೆಳಗೆ ಇಟ್ಟರೆ ಕೋನವೇ ಸಿಗುವುದಿಲ್ಲ. ಒಂದು ವಾರ ಸರಿಯಾಗಿ ಮಾಡಿಯೂ ಸುತ್ತು ನಿಲ್ಲದಿದ್ದರೆ ಹರಳು ಬೇರೆ ನಾಳದಲ್ಲಿರಬಹುದು, ಅದಕ್ಕೆ ಬೇರೆ ಕ್ರಮವಿದೆ, ವೈದ್ಯರಿಗೆ ತೋರಿಸಿ.

ಸುತ್ತಿನ ಜತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಒಂದು ಬದಿಯ ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಅದು ಕಿವಿಯದಲ್ಲ, ಪಾರ್ಶ್ವವಾಯು ಇರಬಹುದು. ಮಲಗಿ ನೋಡೋಣ ಎನ್ನದೆ ತುರ್ತು ಚಿಕಿತ್ಸೆಗೆ ಹೋಗಿ.

ಸೋಂಕಿನಿಂದ ಒಂದು ಬದಿಯ ಸಮತೋಲ ನರ ಸೋತು ದಿನಗಟ್ಟಲೆ ಸುತ್ತು ಬಂದವರಿಗೆ, ತೀವ್ರ ಹಂತ ಕಳೆದ ಮೇಲೆ, ಹಾಸಿಗೆಯಲ್ಲೇ ಉಳಿಯುವುದು ಚೇತರಿಕೆಯನ್ನು ತಡಮಾಡುತ್ತದೆ. ಉಳಿದ ಕಿವಿಯಿಂದ ಲೆಕ್ಕ ಮಾಡಲು ಮಿದುಳು ಕಲಿಯಬೇಕು, ಕಲಿಯಲು ಅದಕ್ಕೆ ಚಲನೆ ಬೇಕು. ವೈದ್ಯರು ಒಪ್ಪಿದ ಮೇಲೆ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಒಂದು ಅಕ್ಷರ ಅಂಟಿಸಿ, ಒಂದು ಮೀಟರ್ ದೂರದಲ್ಲಿ ಕೂತು, ಅದರಿಂದ ಕಣ್ಣು ತೆಗೆಯದೆ ತಲೆಯನ್ನು ಅಕ್ಕಪಕ್ಕ ಆಡಿಸಿ. ಒಂದು ನಿಮಿಷ, ದಿನಕ್ಕೆ ಮೂರು ಸಲ. ಆಮೇಲೆ ಮೇಲೆ-ಕೆಳಗೆ ಅಷ್ಟೇ ಹೊತ್ತು. ಅಕ್ಷರ ಮಸುಕಾಗುವ ವೇಗಕ್ಕಿಂತ ಒಂದು ಕೂದಲೆಳೆ ಕಡಿಮೆ ಇರಲಿ. ಸ್ವಲ್ಪ ಸುತ್ತು ಬಂದರೆ ಸರಿಯಾಗಿಯೇ ಮಾಡುತ್ತಿದ್ದೀರಿ, ಕೆಲವು ನಿಮಿಷಗಳಲ್ಲಿ ಇಳಿಯಬೇಕು. ಕೂತು ಸಲೀಸಾದಾಗ ನಿಂತು ಮಾಡಿ, ಆಮೇಲೆ ಆ ದಿಂಬಿನ ಮೇಲೆ ನಿಂತು.